ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಸಂಯುಕ್ತ ಕಾಲಗಳು: ‘ಮಾಡಿದ್ದೇನೆ’ ಬಲ್ಲವರಿಗೆ ಹಂತಹಂತದ ಮಾರ್ಗದರ್ಶಿ

ಫ್ರೆಂಚ್ ಕಲಿಯುವ ಕನ್ನಡಿಗರ ಬಾಯಿಗೆ ತಾನಾಗಿ ಬಂದುಬಿಡುವ ಒಂದು ವಾಕ್ಯವಿದೆ: ‘ಜ ಸ್ವಿ ಮಾಂಜೇ’. ಹೇಳಬೇಕಿದ್ದದ್ದು ‘ನಾನು ತಿಂದಿದ್ದೇನೆ’ ಅಂತ. ಆದದ್ದು ‘ನನ್ನನ್ನು ಯಾರೋ ತಿಂದಿದ್ದಾರೆ’ ಅಂತ. ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವಲ್ಲ. ‘ತಿಂದಿದ್ದೇನೆ’ಯನ್ನು ಬಿಡಿಸಿದರೆ ‘ತಿಂದು + ಇದ್ದೇನೆ’. ‘ಇದ್ದೇನೆ’ಗೆ ಫ್ರೆಂಚಿನಲ್ಲಿ ‘ಸ್ವಿ’. ಲೆಕ್ಕ ಸರಿ, ಉತ್ತರ ತಪ್ಪು. ಸರಿಯಾದ ರೂಪ ‘ಜೇ ಮಾಂಜೇ’. ಪದಕ್ಕೆ ಪದ ಇಟ್ಟು ನೋಡಿದರೆ ‘ನನ್ನ ಹತ್ತಿರ ತಿಂದದ್ದು ಇದೆ’ ಎನ್ನುವ ಥರ.

ಕನ್ನಡದಲ್ಲಿ ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ದಿನಬಳಕೆಯಲ್ಲಿಲ್ಲ. ನನ್ನ ಹತ್ತಿರ ದುಡ್ಡು ಇದೆ, ನನಗೆ ಇಬ್ಬರು ತಂಗಿಯರು ಇದ್ದಾರೆ, ಅವಳಿಗೆ ಜ್ವರ ಇದೆ: ಎಲ್ಲದಕ್ಕೂ ‘ಇರು’ ಒಂದೇ. ಸಂಯುಕ್ತ ಕಾಲ, ಅಂದರೆ ‘ತಿಂದಿದ್ದೇನೆ’ಯಂತೆ ಎರಡು ಕ್ರಿಯಾಪದ ಸೇರಿ ಆಗುವ ಕಾಲ, ಕಟ್ಟಲೂ ಅದೇ ‘ಇರು’. ಲ್ಯಾಟಿನ್‌ನಿಂದ ಹುಟ್ಟಿದ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮುಂತಾದ ರೋಮಾನ್ಸ್ ಭಾಷೆಗಳಲ್ಲಿ ಈ ಕೆಲಸದ ಬಹುಪಾಲು ‘ಹೊಂದಿರು’ ಎಂಬ ಅರ್ಥದ ಕ್ರಿಯಾಪದದ ಪಾಲಿಗೆ ಹೋಗಿದೆ. ‘ಇರು’ವಿಗೆ ಉಳಿದಿರುವುದು ಒಂದು ಮೂಲೆ. ಆ ಮೂಲೆಯ ಗಡಿ ಎಲ್ಲಿ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೋ ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಮೊದಲ ಮಟ್ಟವಾದ ಎ1 ಮುಗಿಸಿ ಎ2ಗೆ ಬಂದವರು, ಮೊಬೈಲ್ ಆಪ್‌ನಲ್ಲಿ ಸ್ಪ್ಯಾನಿಷ್ ಹಿಡಿದವರು, ಮೂರನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು. ಪರಭಾಷೆಯ ಪದಗಳನ್ನು ಉಚ್ಚಾರಕ್ಕೆ ಆದಷ್ಟು ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫ್ರೆಂಚಿನ ಮೂಗಿನ ಸ್ವರಕ್ಕೆ ಅನುಸ್ವಾರ ಬಳಸಿದೆ. ‘ವ್ಯು’, ‘ಸ್ಯು’ ಎಂದು ಬರೆದಲ್ಲಿ ತುಟಿಯನ್ನು ‘ಉ’ ಎನ್ನುವಂತೆ ಮುಂದೆ ಮಾಡಿ ‘ಈ’ ಎನ್ನಿ.

ಮೊದಲು ಕನ್ನಡದ್ದನ್ನೇ ಬಿಚ್ಚಿ ನೋಡಿ

ಬರೆದಿದ್ದೇನೆ, ಬರೆದಿದ್ದೆ, ಬರೆದಿರುತ್ತೇನೆ, ಬರೆದಿಲ್ಲ. ನಾಲ್ಕರಲ್ಲೂ ‘ಬರೆದು’ ಅಲುಗಾಡಿಲ್ಲ. ಕಾಲ ಬದಲಾದದ್ದು, ನಾನು-ನೀನು-ಅವಳು ಎಂದು ಬದಲಾಗುವುದು, ನಿಷೇಧ ಹತ್ತುವುದು ಎಲ್ಲವೂ ‘ಇರು’ವಿನ ಮೇಲೆ. ಸಂಯುಕ್ತ ಕಾಲದ ಯಂತ್ರ ಇಷ್ಟೇ. ಒಂದು ಭಾಗ ಅರ್ಥ ಹೊರುತ್ತದೆ, ಇನ್ನೊಂದು ಭಾಗ ಕಾಲ ಹೊರುತ್ತದೆ. ಅರ್ಥ ಹೊರುವುದನ್ನು ಇಲ್ಲಿ ಕೃದಂತ ಎನ್ನೋಣ, ಕಾಲ ಹೊರುವುದನ್ನು ಸಹಾಯಕ.

ವ್ಯತ್ಯಾಸ ಇರುವುದು ಜಾಗದಲ್ಲಿ. ನಮ್ಮಲ್ಲಿ ಸಹಾಯಕ ಬಾಲದಲ್ಲಿ ಬಂದು ಅಂಟಿಕೊಳ್ಳುತ್ತದೆ. ರೋಮಾನ್ಸ್ ಭಾಷೆಗಳಲ್ಲಿ ಅದು ಮುಂದೆ ನಿಲ್ಲುತ್ತದೆ, ಬೇರೆ ಪದವಾಗಿಯೇ ಉಳಿಯುತ್ತದೆ.

ಒಂದು ವಾಕ್ಯ ಕಟ್ಟುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದು, ಮತ್ತು ಇದೇ ಕ್ರಮದಲ್ಲಿ: ಕೃದಂತ ಯಾವುದು? ಸಹಾಯಕ ಯಾವುದು? ಸಹಾಯಕದ ಕಾಲ ಯಾವುದು? ಕೃದಂತ ಯಾರೊಂದಿಗೆ ಹೊಂದಬೇಕು? ಉಳಿದ ಪದಗಳು ಎಲ್ಲಿ ನಿಲ್ಲಬೇಕು? ಬಹಳಷ್ಟು ಪಠ್ಯಪುಸ್ತಕಗಳು ಮೂರನೆಯದರಿಂದ ಶುರುಮಾಡುತ್ತವೆ, ಅಂದರೆ ದೊಡ್ಡ ಕೋಷ್ಟಕ ಕೊಟ್ಟು ಉರುಹೊಡೆಸುತ್ತವೆ. ಅದು ತಲೆಕೆಳಗಾದ ದಾರಿ.

ಹಂತ 1: ಕೃದಂತ ಮಾಡಿಕೊಳ್ಳಿ

ನಿಯಮಿತ ಕೃದಂತಗಳಿಗೆ ಹೆಚ್ಚು ಹೊತ್ತು ಬೇಡ. ಸ್ಪ್ಯಾನಿಷ್‌ನಲ್ಲಿ ‘-ಆರ್’ ಕ್ರಿಯಾಪದಕ್ಕೆ ‘-ಆದೋ’ (ಆಬ್ಲಾರ್, ಆಬ್ಲಾದೋ: ಮಾತಾಡು), ‘-ಎರ್’ ಮತ್ತು ‘-ಇರ್’ಗೆ ‘-ಇದೋ’ (ಕೊಮೇರ್, ಕೊಮಿದೋ: ತಿನ್ನು). ಇಟಾಲಿಯನ್‌ನಲ್ಲಿ ‘-ಆತೋ’, ‘-ಊತೋ’, ‘-ಈತೋ’. ಫ್ರೆಂಚಿನಲ್ಲಿ ಮೊದಲ ಗುಂಪಿಗೆ, ಅಂದರೆ ಮೂಲರೂಪ ‘ಇ-ಆರ್’ ಅಕ್ಷರಗಳಲ್ಲಿ ಮುಗಿಯುವವಕ್ಕೆ, ‘-ಏ’ (ಪಾರ್ಲೇ: ಮಾತಾಡಿದ), ‘ಐ-ಆರ್’ನಲ್ಲಿ ಮುಗಿಯುವ ಎರಡನೆಯದಕ್ಕೆ ‘-ಇ’ (ಫಿನಿ: ಮುಗಿಸಿದ), ‘ವಾಂದ್ರ್’ನಂಥವಕ್ಕೆ ‘-ಯು’ (ವಾಂದ್ಯು: ಮಾರಿದ).

ಫ್ರೆಂಚಿನ ಮೊದಲ ಗುಂಪಿನಲ್ಲಿ ಒಂದು ಹಳ್ಳವಿದೆ. ‘ಮಾತಾಡಲು’ ಎಂಬ ಮೂಲರೂಪ, ‘ಮಾತಾಡಿದ’ ಎಂಬ ಕೃದಂತ, ‘ನೀವು ಮಾತಾಡುತ್ತೀರಿ’ ಎಂಬ ರೂಪ, ಮೂರೂ ಕಿವಿಗೆ ‘ಪಾರ್ಲೇ’. ಬರಹದಲ್ಲಿ ಮೂರೂ ಬೇರೆ. ಫ್ರಾನ್ಸಿನ ಶಾಲಾಮಕ್ಕಳೇ ಇಲ್ಲಿ ತಪ್ಪುತ್ತಾರೆ. ಅಲ್ಲಿ ಕಲಿಸುವ ಪರೀಕ್ಷೆ ಸುಲಭ: ಅದೇ ಜಾಗದಲ್ಲಿ ‘ವಾಂದ್ರ್’ (ಮಾರಲು) ಅಥವಾ ‘ವಾಂದ್ಯು’ (ಮಾರಿದ) ಇಟ್ಟು ನೋಡುವುದು. ‘ವಾಂದ್ಯು’ ಕುಳಿತರೆ ಕೃದಂತ, ‘ವಾಂದ್ರ್’ ಕುಳಿತರೆ ಮೂಲರೂಪ. ಅರ್ಥ ಹಾಳಾದರೂ ಪರವಾಗಿಲ್ಲ, ವ್ಯಾಕರಣ ಕುಳಿತರೆ ಸಾಕು.

ಅನಿಯಮಿತ ಕೃದಂತಗಳನ್ನು ಬಾಯಿಪಾಠ ಮಾಡದೆ ದಾರಿಯಿಲ್ಲ, ಆದರೆ ಸಂಖ್ಯೆ ಹೆದರುವಷ್ಟಿಲ್ಲ. ಸ್ಪ್ಯಾನಿಷ್‌ನಲ್ಲಿ ಈ 10 ಗೊತ್ತಿದ್ದರೆ ದಿನದ ಮಾತು ನಡೆಯುತ್ತದೆ: ಎಚೋ (ಮಾಡಿದ), ದಿಚೋ (ಹೇಳಿದ), ಎಸ್ಕ್ರಿತೋ (ಬರೆದ), ಬಿಸ್ತೋ (ನೋಡಿದ), ಪ್ವೆಸ್ತೋ (ಇಟ್ಟ), ಆಬ್ಯೆರ್ತೋ (ತೆರೆದ), ಕುಬ್ಯೆರ್ತೋ (ಮುಚ್ಚಿದ), ರೋತೋ (ಮುರಿದ), ಬ್ವೆಲ್ತೋ (ಮರಳಿದ), ಮ್ವೆರ್ತೋ (ಸತ್ತ). ಫ್ರೆಂಚಿನಲ್ಲಿ ಫೇ (ಮಾಡಿದ), ದಿ (ಹೇಳಿದ), ಎಕ್ರಿ (ಬರೆದ), ಮಿ (ಇಟ್ಟ), ಪ್ರಿ (ತೆಗೆದುಕೊಂಡ), ವ್ಯು (ನೋಡಿದ), ಲ್ಯು (ಓದಿದ), ಬ್ಯು (ಕುಡಿದ), ಸ್ಯು (ತಿಳಿದ), ಪ್ಯು (ಆಗುವಂತಾದ), ದ್ಯು (ಮಾಡಬೇಕಾದ), ವನ್ಯು (ಬಂದ), ಊವೇರ್ (ತೆರೆದ), ಎತೇ (ಇದ್ದ), ಜೊತೆಗೆ ‘ಹೊಂದಿದ’ ಎಂಬರ್ಥದ, ಬರಹದಲ್ಲಿ ಎರಡಕ್ಷರವಿದ್ದರೂ ಬಾಯಲ್ಲಿ ಬರೀ ಒಂದು ಸ್ವರವಾಗುವ ‘ಯು’. ಕುಟುಂಬ ಕುಟುಂಬವಾಗಿ ಕಲಿತರೆ ಲಾಭ. ‘ಪ್ರಿ’ ಬಂದರೆ ಕಲಿತ (ಆಪ್ರಿ), ಅರ್ಥಮಾಡಿಕೊಂಡ (ಕೋಂಪ್ರಿ) ಎರಡೂ ಪುಕ್ಕಟೆ.

ಇಟಾಲಿಯನ್‌ನಲ್ಲಿ ಅನಿಯಮಿತಗಳು ಜಾಸ್ತಿ, ಆದರೆ ನಮಗೆ ಎರಡು ಅನುಕೂಲಗಳಿವೆ. ಒಂದು, ಒತ್ತಕ್ಷರ. ‘ಫಾತ್ತೋ’ ಎಂದರೆ ಮಾಡಿದ, ‘ಫಾತೋ’ ಎಂದರೆ ವಿಧಿ. ಕತೆ-ಕತ್ತೆ ಎಂದು ಹುಟ್ಟಿನಿಂದ ಬೇರೆ ಮಾಡಿದ ಕಿವಿಗೆ ಇದು ಕಷ್ಟವೇ ಅಲ್ಲ. ಎರಡು, ಸಂಸ್ಕೃತದಿಂದ ಬಂದ ನಮ್ಮದೇ ಪದಗಳು. ಜಾತ–ನಾತೋ, ಮೃತ–ಮೋರ್ತೋ, ದತ್ತ–ದಾತೋ, ಯುಕ್ತ–ಜುಂತೋ. ಈ ಜೋಡಿಗಳ ಬೇರು ಒಂದೇ. ‘ನವಜಾತ’ ಶಿಶು ಎನ್ನುವಾಗ ನಾವು ಬಳಸುವ ‘ಜಾತ’ವೇ ಲ್ಯಾಟಿನ್‌ನಲ್ಲಿ ‘ನಾತುಸ್’ ಆಗಿ, ಇಟಾಲಿಯನ್‌ನಲ್ಲಿ ‘ನಾತೋ’ ಆಗಿ, ಫ್ರೆಂಚಿಗೆ ಬರುವಷ್ಟರಲ್ಲಿ ಸವೆದು ಬರೀ ‘ನೇ’ ಎಂದಾಗಿದೆ.

ಹಂತ 2: ಸಹಾಯಕ ಆರಿಸಿ

ಸ್ಪ್ಯಾನಿಷ್ ಕಲಿಯುವವರಿಗೆ ಈ ಹಂತವೇ ಇಲ್ಲ. ಹೋದರೂ ಬಂದರೂ ಸತ್ತರೂ ಹುಟ್ಟಿದರೂ ‘ಆಬೇರ್’ ಒಂದೇ: ಎ, ಆಸ್, ಆ, ಎಮೋಸ್, ಆಬೇಯ್ಸ್, ಆನ್. ಆರು ರೂಪ ಕಲಿತರೆ ಮುಗಿಯಿತು. ಇಲ್ಲಿ ಆಗುವ ತಪ್ಪು ಬೇರೆ ಥರದ್ದು. ‘ನನ್ನ ಹತ್ತಿರ ಪುಸ್ತಕವಿದೆ’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ತೆನೇರ್’ ಬೇಕು, ಸಂಯುಕ್ತ ಕಾಲಕ್ಕೆ ‘ಆಬೇರ್’ ಬೇಕು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹ್ಯಾವ್’ ಇರುವುದರಿಂದ, ಇಂಗ್ಲಿಷ್ ಮೂಲಕ ಕಲಿಯುವವರು ‘ತೆಂಗೋ ಕೊಮಿದೋ’ ಎಂದುಬಿಡುತ್ತಾರೆ. ಅದು ತಪ್ಪು. ರೊಮೇನಿಯನ್‌ನಲ್ಲೂ ಇಲ್ಲಿ ಸಹಾಯಕ ಒಂದೇ: ಬಂದಿದ್ದೇನೆ ಎನ್ನಲು ‘ಆಮ್ ವೆನಿತ್’, ತಿಂದಿದ್ದೇನೆ ಎನ್ನಲು ‘ಆಮ್ ಮಂಕಾತ್’. ಪೋರ್ಚುಗೀಸರು ‘ತೇರ್’ ಬಳಸುತ್ತಾರೆ. ಅದರ ವಿಷಯ ಮುಂದೆ.

ಆಯ್ಕೆಯ ತಲೆನೋವು ಫ್ರೆಂಚ್ ಮತ್ತು ಇಟಾಲಿಯನ್‌ಗೆ. ‘ಹೊಂದಿರು’ವಿಗೆ ಫ್ರೆಂಚಿನಲ್ಲಿ ‘ಆವ್ವಾರ್’, ಇಟಾಲಿಯನ್‌ನಲ್ಲಿ ‘ಆವೇರೆ’. ‘ಇರು’ವಿಗೆ ‘ಎತ್ರ್’ ಮತ್ತು ‘ಎಸ್ಸೆರೆ’. ಮೂರು ಪ್ರಶ್ನೆ ಕೇಳಿ, ಮೊದಲ ‘ಹೌದು’ ಸಿಕ್ಕಲ್ಲಿ ನಿಲ್ಲಿ.

ಮೊದಲನೆಯದು: ಕ್ರಿಯೆಯ ಫಲ ಕರ್ತೃವಿನ ಮೇಲೇ ತಿರುಗುತ್ತದೆಯೇ, ಅಂದರೆ ‘ಸ’ ಅಥವಾ ‘ಸಿ’ ಜೊತೆಗಿರುವ ಆತ್ಮಾರ್ಥಕ ಕ್ರಿಯಾಪದವೇ? ಹೌದಾದರೆ ‘ಇರು’. ಕನ್ನಡದ ‘ಕೊಳ್ಳು’ ಇಲ್ಲಿ ಅರ್ಧ ದಾರಿ ತೋರಿಸುತ್ತದೆ. ‘ಕೈ ತೊಳೆದುಕೊಂಡೆ’ ಎಂಬುದು ಫ್ರೆಂಚಿನಲ್ಲೂ ಆತ್ಮಾರ್ಥಕ: ‘ಜ ಮ ಸ್ವಿ ಲಾವೇ ಲೇ ಮ್ಯಾಂ’. ಆದರೆ ‘ಕಲಿತುಕೊಂಡೆ’ ಅಲ್ಲ: ಬರೀ ‘ಜೇ ಆಪ್ರಿ’. ‘ಕೊಳ್ಳು’ ಕಂಡಕೂಡಲೇ ‘ಎತ್ರ್’ ಹಾಕಬೇಡಿ, ನಿಘಂಟಿನಲ್ಲಿ ಒಮ್ಮೆ ನೋಡಿ.

ಎರಡನೆಯದು: ನೇರ ಕರ್ಮಪದ ಇದೆಯೇ? ಇದ್ದರೆ ‘ಹೊಂದಿರು’. ಪರೀಕ್ಷೆಗೆ ಕನ್ನಡದ ‘-ಅನ್ನು’ ಪ್ರತ್ಯಯ ಹಚ್ಚಿ ನೋಡಿ. ಮಾತಿನಲ್ಲಿ ನಾವು ಅದನ್ನು ನುಂಗಿಬಿಡುತ್ತೇವೆ, ಆದ್ದರಿಂದ ಬೇಕೆಂದೇ ಹಚ್ಚಿ. ‘ಮೆಟ್ಟಿಲು ಇಳಿದೆ’ ಎಂಬಲ್ಲಿ ‘ಮೆಟ್ಟಿಲನ್ನು ಇಳಿದೆ’ ಎಂದರೆ ಹೊಂದುತ್ತದೆ. ‘ಮೆಜೆಸ್ಟಿಕ್‌ನಲ್ಲಿ ಇಳಿದೆ’ ಎಂಬಲ್ಲಿ ‘ಮೆಜೆಸ್ಟಿಕ್ಕನ್ನು ಇಳಿದೆ’ ಹೊಂದುವುದಿಲ್ಲ. ಆದ್ದರಿಂದ ಮೊದಲನೆಯದು ‘ಜೇ ದೆಸಾಂದ್ಯು ಲೆಸ್ಕಾಲ್ಯೇ’, ಎರಡನೆಯದು ‘ಜ ಸ್ವಿ ದೆಸಾಂದ್ಯು ಆ ಮೆಜೆಸ್ಟಿಕ್’. ಕ್ರಿಯಾಪದ ಅದೇ, ಸಹಾಯಕ ಬದಲಾಯಿತು. ಹತ್ತು, ಹೊರಗೆ ಹೋಗು, ಹಾದುಹೋಗು, ಮರಳು ಇವಕ್ಕೂ ಹೀಗೇ. ಇಳಿ–ಇಳಿಸು, ಹತ್ತು–ಹತ್ತಿಸು ಎಂದು ಕನ್ನಡದಲ್ಲಿ ಎರಡು ರೂಪಗಳಿರುವ ಕಡೆ ಫ್ರೆಂಚಿನಲ್ಲಿ ಒಂದೇ ಕ್ರಿಯಾಪದ ಎರಡೂ ಕೆಲಸ ಮಾಡುತ್ತದೆ. ಇಂಥ ಜೋಡಿಗಳಲ್ಲಿ ‘-ಇಸು’ ರೂಪ ಬಂದಲ್ಲಿ ‘ಆವ್ವಾರ್’ ಎಂದು ಕಣ್ಣುಮುಚ್ಚಿ ಹಾಕಬಹುದು.

ಮೂರನೆಯದು: ಕರ್ಮಪದ ಇಲ್ಲದಿದ್ದರೆ, ಕ್ರಿಯಾಪದ ಈ ಪಟ್ಟಿಯಲ್ಲಿದೆಯೇ? ಇದ್ದರೆ ‘ಇರು’, ಇಲ್ಲದಿದ್ದರೆ ‘ಹೊಂದಿರು’. ಹೋಗು-ಬಾ, ತಲುಪು-ಹೊರಡು, ಒಳಬರು-ಹೊರಹೋಗು, ಹತ್ತು-ಇಳಿ, ಹುಟ್ಟು-ಸಾಯಿ, ಉಳಿ, ಬೀಳು, ಮರಳು, ಹಾದುಹೋಗು, ಜೊತೆಗೆ ‘ಬಾ’ದಿಂದ ಹುಟ್ಟಿದ ‘ಆಗು’ (ದವನೀರ್), ‘ಮರಳಿ ಬಾ’ (ರವನೀರ್). ಹದಿನೈದು-ಹದಿನಾರು ಪದ. ಇಂಗ್ಲಿಷ್ ಪಠ್ಯಗಳಲ್ಲಿ ಇವುಗಳ ಮೊದಲಕ್ಷರ ಜೋಡಿಸಿ ‘ಡಾಕ್ಟರ್ ಮಿಸೆಸ್ ವ್ಯಾಂಡರ್‌ಟ್ರ್ಯಾಂಪ್’ ಎಂಬ ಹೆಸರು ಕಟ್ಟಿದ್ದಾರೆ. ಆ ಬಾಯಿಪಾಠಕ್ಕಿಂತ ಮೇಲಿನಂತೆ ಎದುರುಬದುರು ಜೋಡಿಯಾಗಿ ಕಲಿಯುವುದು ಮೇಲು, ಏಕೆಂದರೆ ಮಾತಿನ ಮಧ್ಯೆ ಅಕ್ಷರ ಎಣಿಸುತ್ತ ಕೂರಲು ಆಗುವುದಿಲ್ಲ.

‘ಚಲನೆಯ ಕ್ರಿಯಾಪದಗಳಿಗೆ ಎತ್ರ್’ ಎಂದು ಕೆಲವರು ಹೇಳಿಕೊಡುತ್ತಾರೆ. ಹಾಗಲ್ಲ. ನಡೆದೆ ಎಂಬುದು ‘ಜೇ ಮಾರ್ಶೇ’. ಓಡಿದೆ, ಈಜಿದೆ, ಪ್ರಯಾಣ ಮಾಡಿದೆ ಎಲ್ಲಕ್ಕೂ ‘ಆವ್ವಾರ್’. ಲಾಲ್‌ಬಾಗಿನಲ್ಲಿ ಮೂರು ಸುತ್ತು ನಡೆದರೆ ಅದು ಹೇಗೆ ಚಲಿಸಿದಿರಿ ಎಂಬ ಮಾತು. ಲಾಲ್‌ಬಾಗಿಗೆ ಹೋದರೆ ಅದು ಎಲ್ಲಿಂದ ಎಲ್ಲಿಗೆ ಎಂಬ ಮಾತು. ‘ಎತ್ರ್’ ಬರುವುದು ಎರಡನೆಯದಕ್ಕೆ. ಉಳಿಯುವುದರಲ್ಲಿ ಚಲನೆಯೇ ಇಲ್ಲ, ಆದರೂ ಅದು ಪಟ್ಟಿಯಲ್ಲಿದೆ.

ಇಟಾಲಿಯನ್ ಪಟ್ಟಿ ಇನ್ನೂ ಉದ್ದ: ಬೆಲೆಯಾಗು, ಸಾಕಾಗು, ಕಾಣಿಸು, ಹಿಡಿಸು ಎಲ್ಲವೂ ‘ಎಸ್ಸೆರೆ’ ಜೊತೆ. ಕೊನೆಯದು ನಮಗೆ ಹಬ್ಬದೂಟ. ‘ನನಗೆ ದೋಸೆ ಹಿಡಿಸಿತು’ ಎಂಬುದು ಇಟಾಲಿಯನ್‌ನಲ್ಲಿ ‘ಮಿ ಎ ಪ್ಯಾಚೂತಾ ಲಾ ದೋಸಾ’. ‘ಮಿ’ ಅಂದರೆ ನನಗೆ, ಕರ್ತೃ ದೋಸೆಯೇ. ಇಂಗ್ಲಿಷ್ ಮೂಲಕ ಬಂದವರು ‘ನಾನು ದೋಸೆಯನ್ನು’ ಎಂದು ತಿರುಚಿಕೊಂಡು ಒದ್ದಾಡುವ ಕಡೆ ಕನ್ನಡದಲ್ಲೇ ಯೋಚಿಸಿದವರು ನೆಟ್ಟಗೆ ದಾಟಿಬಿಡುತ್ತಾರೆ. ಇನ್ನೊಂದು ಮಾತು, ಎರಡೂ ಭಾಷೆ ಕಲಿಯುವವರಿಗೆ: ‘ಇದ್ದೆ’ ಎನ್ನಲು ಫ್ರೆಂಚಿನಲ್ಲಿ ‘ಜೇ ಎತೇ’, ಸಹಾಯಕ ‘ಹೊಂದಿರು’. ಇಟಾಲಿಯನ್‌ನಲ್ಲಿ ‘ಸೋನೋ ಸ್ತಾತೋ’, ಸಹಾಯಕ ‘ಇರು’.

ಈಗ ‘ಜ ಸ್ವಿ ಮಾಂಜೇ’ ಏಕೆ ಕರ್ಮಣಿಯಾಯಿತು ಎಂಬುದೂ ತಿಳಿಯುತ್ತದೆ. ಕರ್ಮಪದ ಬೇಡುವ ಕ್ರಿಯಾಪದದ ಕೃದಂತಕ್ಕೆ ‘ಇರು’ ಜೋಡಿಸಿದರೆ ಫ್ರೆಂಚ್, ಇಟಾಲಿಯನ್ ಎರಡರಲ್ಲೂ ಅದು ಕರ್ಮಣಿ ಪ್ರಯೋಗ. ಪಟ್ಟಿಯ ಕ್ರಿಯಾಪದಕ್ಕೆ ಜೋಡಿಸಿದರೆ ಮಾತ್ರ ಭೂತಕಾಲ.

ಹಂತ 3: ಸಹಾಯಕದ ಕಾಲ ಬದಲಿಸಿ

ಇಲ್ಲಿ ಹೊಸದಾಗಿ ಕಲಿಯುವುದು ಕಡಿಮೆ. ಸಹಾಯಕದ ವರ್ತಮಾನ, ಅಪೂರ್ಣ ಭೂತ (ಇಂಪರ್ಫೆಕ್ಟ್), ಭವಿಷ್ಯ, ಸಂಕೇತಾರ್ಥ (ಕಂಡಿಷನಲ್, ‘ಹೀಗಿದ್ದರೆ ಹಾಗಾಗುತ್ತಿತ್ತು’ ಎನ್ನುವಂಥದ್ದು), ಸಂಭಾವನಾರ್ಥ (ಸಬ್‌ಜಂಕ್ಟಿವ್) ರೂಪಗಳು ಬಂದರೆ ಸಾಕು. ಸ್ಪ್ಯಾನಿಷ್‌ನಲ್ಲಿ ಐದು ಕಾಲಕ್ಕೆ ತಲಾ ಆರರಂತೆ 30 ರೂಪ. ಅದರಾಚೆ ಎಷ್ಟು ಸಾವಿರ ಕ್ರಿಯಾಪದಗಳಿದ್ದರೂ ಅದೇ 30. ‘ಬರೆ’ ಇಟ್ಟುಕೊಂಡು ಫ್ರೆಂಚ್ ಮತ್ತು ಸ್ಪ್ಯಾನಿಷ್ ಜೊತೆಯಾಗಿ ನೋಡಿ:

ಬರೆದಿದ್ದೇನೆ: ಜೇ ಎಕ್ರಿ / ಎ ಎಸ್ಕ್ರಿತೋ
ಬರೆದಿದ್ದೆ: ಜಾವೇ ಎಕ್ರಿ / ಆಬಿಯಾ ಎಸ್ಕ್ರಿತೋ
ಬರೆದಿರುತ್ತೇನೆ: ಜೋರೇ ಎಕ್ರಿ / ಆಬ್ರೇ ಎಸ್ಕ್ರಿತೋ
(ಗೊತ್ತಿದ್ದಿದ್ದರೆ) ಬರೆಯುತ್ತಿದ್ದೆ: ಜೋರೇ ಎಕ್ರಿ / ಆಬ್ರಿಯಾ ಎಸ್ಕ್ರಿತೋ

ಫ್ರೆಂಚಿನ ಮೂರನೆಯ, ನಾಲ್ಕನೆಯ ಸಾಲುಗಳು ಹೆಚ್ಚಿನವರ ಬಾಯಲ್ಲಿ ಒಂದೇ ಆಗಿ ಕೇಳುತ್ತವೆ. ಬರಹದಲ್ಲಿ ಸಂಕೇತಾರ್ಥಕ್ಕೆ ಕೊನೆಯಲ್ಲಿ ಒಂದು ‘ಎಸ್’ ಹೆಚ್ಚು.

ಕನ್ನಡ ಕೈಕೊಡುವುದು ಇಲ್ಲೇ, ಎರಡು ಕಡೆ. ಸ್ವಲ್ಪ ನಿಂತು ನೋಡಬೇಕು.

‘ಬರುತ್ತಿದ್ದೆ’ಗೆ ನಮ್ಮಲ್ಲಿ ಎರಡರ್ಥ. ‘ಆಗ ದಿನಾ ಗಾಂಧಿಬಜಾರಿಗೆ ಬರುತ್ತಿದ್ದೆ’ ಎಂದರೆ ರೂಢಿ. ‘ಹೇಳಿದ್ದರೆ ಬರುತ್ತಿದ್ದೆ’ ಎಂದರೆ ನಡೆಯದೇ ಹೋದದ್ದು. ಫ್ರೆಂಚಿನಲ್ಲಿ ಮೊದಲನೆಯದು ಒಂಟಿ ಪದ, ಅಪೂರ್ಣ ಭೂತ: ‘ಜ ವನೇ’. ಎರಡನೆಯದು ಸಂಯುಕ್ತ: ‘ಜ ಸರೇ ವನ್ಯು’. ಪೂರ್ತಿ ವಾಕ್ಯ ‘ಸಿ ಜಾವೇ ಸ್ಯು, ಜ ಸರೇ ವನ್ಯು’, ಅಂದರೆ ‘ಗೊತ್ತಿದ್ದಿದ್ದರೆ ಬರುತ್ತಿದ್ದೆ’. ‘ಸಿ’ (‘-ರೆ’) ಇರುವ ಭಾಗಕ್ಕೆ ಸಂಕೇತಾರ್ಥ ಹಾಕಲೇಬಾರದು, ಅಲ್ಲಿ ‘ಜಾವೇ ಸ್ಯು’ ಮಾತ್ರ. ಎರಡೂ ಭಾಗಕ್ಕೆ ಒಂದೇ ರೂಪ ಹಾಕುವುದು ಉತ್ತರಪತ್ರಿಕೆಯಲ್ಲಿ ಮೊದಲು ಕಣ್ಣಿಗೆ ಬೀಳುವ ತಪ್ಪು.

ಎರಡನೆಯದು ‘ಬಂದಿದ್ದೆ’. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ, ನೀವಿರಲಿಲ್ಲ’. ಬಂದು ಹೋದದ್ದೂ ಆಯಿತು, ಈಗ ಅಲ್ಲಿಲ್ಲ ಎಂಬ ಛಾಯೆಗಾಗಿ ನಾವು ‘ಬಂದೆ’ ಎನ್ನದೆ ‘ಬಂದಿದ್ದೆ’ ಎನ್ನುತ್ತೇವೆ. ಅದನ್ನೇ ಇಂಗ್ಲಿಷಿಗೆ ಎತ್ತಿ ‘ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್‌ಡೇ’ ಎನ್ನುವುದು ಬೆಂಗಳೂರಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಫ್ರೆಂಚಿನಲ್ಲಿ ಇಲ್ಲಿ ಸಹಜವಾಗಿ ಬರುವುದು ‘ಜ ಸ್ವಿ ವನ್ಯು ಯೇರ್’. ‘ಜೇತೇ ವನ್ಯು’ ಎನ್ನಬೇಕಾದರೆ ಭೂತಕಾಲದಲ್ಲಿ ಇನ್ನೊಂದು ಗೂಟ ಬೇಕು: ‘ನೀವು ಫೋನ್ ಮಾಡುವ ಹೊತ್ತಿಗೆ ನಾನು ಬಂದಾಗಿತ್ತು’ ಎನ್ನುವಂಥದ್ದು. ಪರೀಕ್ಷೆ ಇಷ್ಟು: ನಿಮ್ಮ ಕನ್ನಡ ವಾಕ್ಯದ ‘ಬಂದಿದ್ದೆ’ ಜಾಗದಲ್ಲಿ ‘ಅಷ್ಟರಲ್ಲಿ ಬಂದಾಗಿತ್ತು’ ಹಾಕಿ. ಕುಳಿತರೆ ಮಾತ್ರ ಸಹಾಯಕವನ್ನು ಅಪೂರ್ಣ ಭೂತಕ್ಕೆ ಇಳಿಸಿ. ಇಲ್ಲವಾದರೆ ವರ್ತಮಾನದಲ್ಲೇ ಬಿಡಿ.

ಹಂತ 4: ಹೊಂದಾಣಿಕೆ

ಸ್ಪ್ಯಾನಿಷ್‌ನಲ್ಲಿ ‘ಆಬೇರ್’ ಜೊತೆಗಿನ ಕೃದಂತ ಯಾರಿಗೂ ಬಗ್ಗುವುದಿಲ್ಲ. ಹೆಂಗಸಿರಲಿ, ಗಂಡಸಿರಲಿ, ಹತ್ತು ಜನರಿರಲಿ, ‘-ಓ’ ಕಾರಾಂತವೇ.

ಫ್ರೆಂಚ್, ಇಟಾಲಿಯನ್‌ನಲ್ಲಿ ‘ಇರು’ ಬಂದರೆ ಕೃದಂತ ಕರ್ತೃವಿಗೆ ಹೊಂದುತ್ತದೆ. ಇಟಾಲಿಯನ್‌ನಲ್ಲಿ ಕಿವಿಗೇ ಕೇಳುತ್ತದೆ: ಅವನು ಹೋದ ‘ಆಂದಾತೋ’, ಅವಳು ಹೋದಳು ‘ಆಂದಾತಾ’, ಅವರು ‘ಆಂದಾತಿ’, ಬರೀ ಹೆಂಗಸರಾದರೆ ‘ಆಂದಾತೆ’. ಫ್ರೆಂಚಿನಲ್ಲಿ ಬಹುತೇಕ ಬರಹದಲ್ಲಷ್ಟೇ: ಸ್ತ್ರೀಲಿಂಗಕ್ಕೆ ಒಂದು ‘ಇ’, ಬಹುವಚನಕ್ಕೆ ಒಂದು ‘ಎಸ್’.

‘ಹೊಂದಿರು’ ಬಂದಾಗ ಫ್ರೆಂಚಿನ ನಿಯಮ ವಿಚಿತ್ರ. ನೇರ ಕರ್ಮಪದ ಕ್ರಿಯಾಪದಕ್ಕಿಂತ ಮುಂಚೆ ಬಂದಿದ್ದರೆ ಕೃದಂತ ಅದಕ್ಕೆ ಹೊಂದಬೇಕು, ಆಮೇಲೆ ಬಂದರೆ ಬೇಡ. 16ನೇ ಶತಮಾನದ ಕವಿ ಕ್ಲೆಮಾಂ ಮಾರೋ ಇಟಾಲಿಯನ್ ಮಾದರಿ ತೋರಿಸಿ ಇದರ ಪರ ವಾದಿಸಿದ್ದ. ಹಿಂದಿ ಬಲ್ಲವರಿಗೆ ಇದು ಅಷ್ಟು ಅಪರಿಚಿತವಲ್ಲ. ‘ಮೈನೇ ಚಿಟ್ಠೀ ಲಿಖೀ ಹೈ’ ಎಂಬಲ್ಲಿ ‘ಲಿಖೀ’ ಹೊಂದಿರುವುದು ಬರೆದವನಿಗಲ್ಲ, ಚಿಟ್ಠಿಗೆ. ‘ಸೀತಾ ಆಯೀ ಹೈ’ಯಲ್ಲಿ ‘ಆಯೀ’ ಸೀತೆಗೆ. ಫ್ರೆಂಚಿನ ಎರಡು ಸಹಾಯಕಗಳ ಜಗಳವೂ ಹೆಚ್ಚುಕಡಿಮೆ ಇದೇ ಗಡಿಯಲ್ಲಿ ನಡೆಯುವುದು.

ಒಂದೇ ಉದಾಹರಣೆಯಲ್ಲಿ ಮೂರೂ ಬರಲಿ. ‘ಅಕ್ಕ ಮೆಜೆಸ್ಟಿಕ್‌ನಲ್ಲಿ ಇಳಿದಳು, ಡಬ್ಬಗಳನ್ನು ಇಳಿಸಿದಳು, ಅವನ್ನು ಇಳಿಸಿದಳು.’ ಫ್ರೆಂಚಿನಲ್ಲಿ ‘ಮಾ ಸರ್ ಎ ದೆಸಾಂದ್ಯು ಆ ಮೆಜೆಸ್ಟಿಕ್, ಎಲ್ ಆ ದೆಸಾಂದ್ಯು ಲೇ ಕಾರ್ತೋಂ, ಎಲ್ ಲೇಜ್ ಆ ದೆಸಾಂದ್ಯು.’ ಮೂರು ಸಲ ‘ದೆಸಾಂದ್ಯು’ ಎಂದೇ ಕೇಳಿತು. ಬರೆಯುವಾಗ ಮೊದಲನೆಯದಕ್ಕೆ ಅಕ್ಕನಿಗಾಗಿ ಕೊನೆಗೊಂದು ‘ಇ’. ಎರಡನೆಯದಕ್ಕೆ ಏನೂ ಇಲ್ಲ, ಡಬ್ಬಗಳು ಆಮೇಲೆ ಬಂದವು. ಮೂರನೆಯದಕ್ಕೆ ‘ಎಸ್’, ಏಕೆಂದರೆ ‘ಅವನ್ನು’ ಎಂಬ ‘ಲೇ’ ಮುಂಚೆಯೇ ಬಂದಿದೆ. ಫ್ರೆಂಚಿನಲ್ಲಿ ರಟ್ಟಿನ ಡಬ್ಬ ಪುಲ್ಲಿಂಗವಾದ್ದರಿಂದ ‘ಇ’ ಬೇಡ.

ಕೈ ತೊಳೆದುಕೊಳ್ಳುವ ವಾಕ್ಯ ಇಲ್ಲೂ ಕಾಡುತ್ತದೆ. ‘ಅವಳು ಮೈ ತೊಳೆದುಕೊಂಡಳು’ (ಎಲ್ ಸೆ ಲಾವೇ) ಎನ್ನುವಾಗ ‘ಇ’ ಬೇಕು. ‘ಅವಳು ಕೈ ತೊಳೆದುಕೊಂಡಳು’ (ಎಲ್ ಸೆ ಲಾವೇ ಲೇ ಮ್ಯಾಂ) ಎನ್ನುವಾಗ ಬೇಡ. ಎರಡನೆಯದರಲ್ಲಿ ನೇರ ಕರ್ಮ ಕೈ, ಅದು ಆಮೇಲೆ ಬಂದಿದೆ. ‘ಸ’ ಅಲ್ಲಿ ‘ತನಗೆ’ ಎಂಬ ಅರ್ಥದ್ದು.

ಹಂತ 5: ಉಳಿದ ಪದಗಳ ಜಾಗ

ಸ್ಪ್ಯಾನಿಷ್‌ನಲ್ಲಿ ಸಹಾಯಕ ಮತ್ತು ಕೃದಂತದ ನಡುವೆ ಏನನ್ನೂ ತೂರಿಸಬೇಡಿ. ‘ಇಲ್ಲ’, ‘ಆಗಲೇ’, ‘ಅದನ್ನು’ ಎಲ್ಲವೂ ಮುಂದೆ: ‘ನೋ ಲೋ ಎ ಬಿಸ್ತೋ’ (ಅದನ್ನು ನೋಡಿಲ್ಲ). ಫ್ರೆಂಚಿನಲ್ಲಿ ತದ್ವಿರುದ್ಧ. ನಿಷೇಧದ ಎರಡು ತುಂಡುಗಳು ಸಹಾಯಕವನ್ನು ಆಚೀಚೆ ಹಿಡಿದುಕೊಳ್ಳುತ್ತವೆ: ‘ಜ ನೇ ಪಾ ಮಾಂಜೇ’. ‘ಚೆನ್ನಾಗಿ’, ‘ಆಗಲೇ’ ಮುಂತಾದ ಚಿಕ್ಕ ಅವ್ಯಯಗಳು ನಡುವೆ ಕೂರುತ್ತವೆ: ‘ಜೇ ಬ್ಯಾಂ ಮಾಂಜೇ’ (ಚೆನ್ನಾಗಿ ಊಟ ಮಾಡಿದೆ). ‘ನಿನ್ನೆ’, ‘ಇಲ್ಲಿ’ ಇಂಥವು ಹೊರಗೇ ಇರಬೇಕು.

ರೂಪ ಸರಿ, ಅರ್ಥ?

ವರ್ತಮಾನ ಸಹಾಯಕ + ಕೃದಂತ ಎಂಬ ಒಂದೇ ಅಚ್ಚು ಒಂದೊಂದು ಭಾಷೆಯಲ್ಲಿ ಒಂದೊಂದು ಹೇಳುತ್ತದೆ. ಇಂಗ್ಲಿಷಿನಲ್ಲಿ ಅದರ ಜೊತೆ ‘ಯೆಸ್ಟರ್‌ಡೇ’ ಕೂಡದು. ಫ್ರೆಂಚ್ ಮಾತಿನಲ್ಲಿ ಅದೇ ಸಾದಾ ಭೂತಕಾಲ, ‘ತಿಂದೆ’ಗೂ ‘ತಿಂದಿದ್ದೇನೆ’ಗೂ ಒಂದೇ, ಒಂಟಿ ಪದದ ಭೂತಕಾಲ ಕತೆ-ಕಾದಂಬರಿಗಳಿಗೆ ಸರಿದಿದೆ. ಉತ್ತರ ಇಟಲಿಯಲ್ಲೂ ಹೆಚ್ಚುಕಡಿಮೆ ಹಾಗೇ. ಸ್ಪೇನಿನ ಬಹುಭಾಗದಲ್ಲಿ ಇವತ್ತು ಬೆಳಿಗ್ಗೆ ತಿಂದದ್ದಕ್ಕೆ ‘ಎ ಕೊಮಿದೋ’, ನಿನ್ನೆಯದಕ್ಕೆ ‘ಕೊಮೀ’. ಮೆಕ್ಸಿಕೋದವರ ಜೊತೆ ಆಫೀಸ್ ಕಾಲ್‌ನಲ್ಲಿದ್ದರೆ ಇವತ್ತಿನದಕ್ಕೂ ‘ಕೊಮೀ’ ಎಂದೇ ಹೆಚ್ಚಾಗಿ ಕೇಳುತ್ತೀರಿ.

ದೊಡ್ಡ ಮೋಸ ಪೋರ್ಚುಗೀಸಿನದು. ಗೋವಾದ ಹಳೆಯ ಕಾಗದಪತ್ರ ಓದಲೆಂದು ಕಲಿಯುವವರು ಇದನ್ನು ಗುರುತು ಹಾಕಿಕೊಳ್ಳಲಿ. ‘ತೇನ್ಯೊ ಕೊಮಿದೊ’ ಎಂದರೆ ತಿಂದಿದ್ದೇನೆ ಅಲ್ಲ, ‘ಇತ್ತೀಚೆಗೆ ತಿನ್ನುತ್ತಾ ಬಂದಿದ್ದೇನೆ’. ಊಟ ಆಯಿತು ಎನ್ನಲು ಬರೀ ‘ಜಾ ಕೊಮೀ’.

ಸ್ಪೇನಿನ ಬಾರ್ಸಿಲೋನಾ ಕಡೆಯ ಕ್ಯಾಟಲನ್ ಭಾಷೆ ಇನ್ನೂ ತಮಾಷೆ. ‘ಹೋಗು’ವಿನ ವರ್ತಮಾನಕ್ಕೆ ಮೂಲರೂಪ ಸೇರಿಸಿದರೆ ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಭವಿಷ್ಯ. ಕ್ಯಾಟಲನ್‌ನಲ್ಲಿ ‘ವಾಚ್ ಮಂಜಾ’ ಎಂದರೆ ತಿಂದೆ!

ಇದೆಲ್ಲ ಎಲ್ಲಿಂದ ಬಂತು

ಲ್ಯಾಟಿನ್‌ನಲ್ಲಿ ‘ಬರೆದೆ’ ಎನ್ನಲು ‘ಸ್ಕ್ರಿಪ್ಸಿ’ ಎಂಬ ಒಂದೇ ಪದ ಸಾಕಿತ್ತು. ಅದರ ಪಕ್ಕದಲ್ಲಿ ‘ಎಪಿಸ್ತುಲಾಮ್ ಸ್ಕ್ರಿಪ್ತಾಮ್ ಹಾಬೆಓ’ ಎಂಬ ಥರದ ಮಾತು ಬೆಳೆಯಿತು: ‘ಬರೆದ ಕಾಗದ ನನ್ನ ಬಳಿ ಇದೆ’. ಕಾಗದ ಕೈಲಿದೆ ಎಂಬ ಅರ್ಥ ಸವೆದು, ಬರೆದಾಯಿತು ಎಂಬ ಅರ್ಥ ಉಳಿಯಿತು. ಫ್ರೆಂಚಿನಲ್ಲಿ ಕೃದಂತ ಕರ್ಮಕ್ಕೆ ಹೊಂದುವುದು ಆ ಕಾಲದ ಉಳಿಕೆ, ಅಲ್ಲಿ ‘ಬರೆದ’ ಎಂಬುದು ಕಾಗದದ ವಿಶೇಷಣವಾಗಿತ್ತು. ಭವಿಷ್ಯವೂ ಹೀಗೇ ಹುಟ್ಟಿದ್ದು: ‘ಹಾಡಲು ಹೊಂದಿದ್ದೇನೆ’ ಎಂಬ ‘ಕಾಂತಾರೆ ಹಾಬೆಓ’ ಅಂಟಿಕೊಂಡು ಸ್ಪ್ಯಾನಿಷ್‌ನ ‘ಕಾಂತಾರೇ’ ಆಯಿತು, ‘ಮಾಡಿ’ ಮತ್ತು ‘ಇದ್ದೇನೆ’ ಅಂಟಿ ‘ಮಾಡಿದೀನಿ’ ಆದ ಹಾಗೆ. ಫ್ರೆಂಚ್ ಭವಿಷ್ಯದ ಪ್ರತ್ಯಯಗಳನ್ನು ‘ಆವ್ವಾರ್’ನ ವರ್ತಮಾನದ ಪಕ್ಕ ಇಟ್ಟರೆ ಹೋಲಿಕೆ ಕಣ್ಣಿಗೆ ಕಾಣುತ್ತದೆ. ಪೋರ್ಚುಗೀಸಿನ ಬರಹದಲ್ಲಿ ಹೊಲಿಗೆ ಇನ್ನೂ ಬಿಚ್ಚುತ್ತದೆ: ‘ದಾರ್-ತೆ-ಎಯ್’, ‘ಕೊಡುವೆ’ಯ ಹೊಟ್ಟೆಯೊಳಗೆ ‘ನಿನಗೆ’.

ಜರ್ಮನ್‌ಗೆ ದಾಟುವವರಿಗೆ

ಸಹಾಯಕ ಆರಿಸುವ ಕ್ರಮ ಫ್ರೆಂಚಿಗೆ ಹತ್ತಿರ: ‘ಇಖ್ ಹಾಬೆ ಗೆಗೆಸೆನ್’ (ತಿಂದಿದ್ದೇನೆ), ‘ಇಖ್ ಬಿನ್ ಗೆಗಾಂಗೆನ್’ (ಹೋಗಿದ್ದೇನೆ). ಎರಡು ವ್ಯತ್ಯಾಸ: ಆತ್ಮಾರ್ಥಕಕ್ಕೆ ಇಲ್ಲಿ ‘ಹಾಬೆನ್’ (ಹೊಂದಿರು), ಮತ್ತು ಚಲನೆಯ ಕ್ರಿಯಾಪದಗಳು ಫ್ರೆಂಚಿಗಿಂತ ಹೆಚ್ಚಾಗಿ ‘ಜೈನ್’ (ಇರು) ಕಡೆ ವಾಲುತ್ತವೆ. ಕೃದಂತಕ್ಕೆ ಮುಂದೆ ‘ಗೆ-’ ಹತ್ತುತ್ತದೆ. ಬೇರ್ಪಡುವ ಉಪಸರ್ಗವಿದ್ದರೆ ನಡುವೆ ನುಸುಳುತ್ತದೆ (ಆಉಫ್‌ಗೆಮಾಖ್ಟ್: ತೆರೆದ), ‘ಬೆ-’, ‘ಫೆರ್-’ ಮುಂತಾದವು ಇದ್ದರೆ, ಇಲ್ಲವೇ ‘-ಈರೆನ್’ ಅಂತ್ಯವಿದ್ದರೆ ಬರುವುದೇ ಇಲ್ಲ (ಬೆಜೂಖ್ಟ್, ಶ್ಟುಡೀರ್ಟ್). ಕೃದಂತ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ಉಪವಾಕ್ಯದಲ್ಲಂತೂ ಸಹಾಯಕವೂ ಅದರ ಹಿಂದೆ ಬಂದು ನಿಲ್ಲುತ್ತದೆ: ‘ವೈಲ್ ಇಖ್ ಗೆಗೆಸೆನ್ ಹಾಬೆ’. ‘ನಾನು ತಿಂದು-ಇರುವುದರಿಂದ’ ಎಂಬ ನಮ್ಮದೇ ಕ್ರಮ. ಇಂಗ್ಲಿಷನ್ನು ಮರೆತು ಕನ್ನಡದಲ್ಲಿ ಯೋಚಿಸಿದರೆ ಇಲ್ಲಿ ಗೆದ್ದಿರಿ.

ಅಭ್ಯಾಸ

ನೋಟ್‌ಬುಕ್‌ನ ಮೂರು ಪುಟ ಸಾಕು. ಒಂದರಲ್ಲಿ ‘ಆವ್ವಾರ್’, ‘ಎತ್ರ್’ ವರ್ತಮಾನದ 12 ರೂಪ. ಎರಡನೆಯದರಲ್ಲಿ ಅನಿಯಮಿತ ಕೃದಂತಗಳು, ದಿನಕ್ಕೆ ನಾಲ್ಕು, ನಾಲ್ಕೇ. ಮೂರನೆಯದರಲ್ಲಿ ‘ಎತ್ರ್’ ಜೋಡಿಗಳು. ಆಮೇಲೆ ಹೊಸ ವಾಕ್ಯಗಳ ಬೆನ್ನು ಹತ್ತದೆ ಒಂದೇ ವಾಕ್ಯವನ್ನು ಆರು ಸಲ ತಿರುವಿ: ಅವಳು ಕಾಗದ ಬರೆದಿದ್ದಾಳೆ (ಎಲ್ ಆ ಎಕ್ರಿ ಲಾ ಲೆತ್ರ್), ಬರೆದಿಲ್ಲ (ಎಲ್ ನಾ ಪಾ ಎಕ್ರಿ ಲಾ ಲೆತ್ರ್), ಅದನ್ನು ಬರೆದಿದ್ದಾಳೆ (ಎಲ್ ಲಾ ಎಕ್ರಿತ್), ಅದನ್ನು ಬರೆದಿಲ್ಲ (ಎಲ್ ನ ಲಾ ಪಾಜ್ ಎಕ್ರಿತ್), ಅದನ್ನು ಬರೆದಿದ್ದಳು (ಎಲ್ ಲಾವೇ ಎಕ್ರಿತ್), ಬರೆದಿರುತ್ತಾಳೆ (ಎಲ್ ಲೋರಾ ಎಕ್ರಿತ್). ಮೂರನೆಯದರಿಂದ ‘ಎಕ್ರಿ’ ಹೋಗಿ ‘ಎಕ್ರಿತ್’ ಬಂದದ್ದು ಗಮನಿಸಿ. ಸ್ತ್ರೀಲಿಂಗದ ‘ಇ’ ಸೇರಿದ್ದರಿಂದ ಮಲಗಿದ್ದ ‘ತ್’ ಎದ್ದಿದೆ. ಹೊಂದಾಣಿಕೆ ಕಿವಿಗೆ ಬೀಳುವ ಇಂಥ ಕೃದಂತಗಳನ್ನೇ (ಫೇ–ಫೆತ್, ಮಿ–ಮಿಜ್, ಪ್ರಿ–ಪ್ರಿಜ್, ಊವೇರ್–ಊವೆರ್ತ್) ಅಭ್ಯಾಸಕ್ಕೆ ಆರಿಸಿದರೆ, ಕೇಳಿಸದ ಕಡೆ ಬರೆಯುವಾಗಲೂ ಕೈ ತಪ್ಪುವುದು ಕಡಿಮೆ.

ಬರೆದದ್ದನ್ನು ತಿದ್ದುವಾಗ ವಾಕ್ಯವನ್ನು ಮೊದಲಿನಿಂದ ಓದಬೇಡಿ. ಕೃದಂತಗಳಿಗೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಒಂದೊಂದರಿಂದ ಹಿಂದಕ್ಕೆ ಹೋಗಿ: ಇದರ ಸಹಾಯಕ ಯಾವುದು? ‘ಇರು’ವಾದರೆ ಕರ್ತೃ ಯಾರು? ‘ಹೊಂದಿರು’ವಾದರೆ ‘ಏನನ್ನು?’ ಎಂದು ಕೇಳಿ, ಉತ್ತರ ಕೃದಂತದ ಎಡಕ್ಕೆ ಸಿಕ್ಕರೆ ಹೊಂದಿಸಿ, ಬಲಕ್ಕೆ ಸಿಕ್ಕರೆ ಬಿಟ್ಟುಬಿಡಿ.